ಒಂದೇ ಸಿಲಬಸ್, ಎರಡು ಸೆಕ್ಷನ್: ಓದಿನ ಹೊರೆ ಕೆಲವರಿಗೆ ಮಾತ್ರ ಯಾಕಿಷ್ಟು ಭಾರ?

ನವೆಂಬರ್ ತಿಂಗಳ ಒಂದು ವಾರ ಅಂದುಕೊಳ್ಳಿ. ಗುಬ್ಬಿ ಕಡೆಯ ಹಳ್ಳಿಯೊಂದರಿಂದ ತುಮಕೂರಿಗೆ ದಿನಾ ಬಸ್ಸಿನಲ್ಲಿ ಓಡಾಡುವ ಹುಡುಗಿ. ಎಂಜಿನಿಯರಿಂಗ್ ಮೂರನೇ ಸೆಮ್. ಬೆಳಗ್ಗೆ ಆರೂವರೆಗೆ ಮನೆ ಬಿಟ್ಟರೆ ವಾಪಸ್ ಬರುವುದು ಸಂಜೆ ಆರೂವರೆಗೆ. ಸೋಮವಾರದಿಂದ ಬುಧವಾರದವರೆಗೆ ಎರಡನೇ ಇಂಟರ್ನಲ್ಸ್, ಅಂದರೆ ಕಾಲೇಜೇ ನಡೆಸುವ ಕಿರುಪರೀಕ್ಷೆ. ಗುರುವಾರ ಎರಡು ಲ್ಯಾಬಿನ ರೆಕಾರ್ಡ್ ಸಬ್ಮಿಷನ್. ಶುಕ್ರವಾರ ಒಂದು ಅಸೈನ್‌ಮೆಂಟ್. ಶನಿವಾರ ಸೆಮಿನಾರ್. ಭಾನುವಾರ ಮನೆಯಲ್ಲಿ ಬಟ್ಟೆ ಒಗೆಯುವುದು, ಅಡಿಗೆಗೆ ಕೈ ಜೋಡಿಸುವುದು ಇದ್ದೇ ಇರುತ್ತದೆ. ಹತ್ತನೇ ತರಗತಿಯವರೆಗೆ ಅವಳು ಓದಿದ್ದು ಕನ್ನಡ ಮಾಧ್ಯಮದಲ್ಲಿ.

ಇವಳು ಎ ಸೆಕ್ಷನ್. ಪಕ್ಕದ ಬಿ ಸೆಕ್ಷನ್ನಿಗೂ ಅದೇ ಸಿಲಬಸ್, ಅಷ್ಟೇ ಇಂಟರ್ನಲ್ಸ್, ಅದೇ ಪರೀಕ್ಷೆ. ಅಲ್ಲೂ ಹಳ್ಳಿಯಿಂದ ಬರುವವರಿದ್ದಾರೆ. ಆದರೂ ಸೆಮ್ ಮುಗಿಯುವ ಹೊತ್ತಿಗೆ ಎ ಸೆಕ್ಷನ್ನಿನ ಮಕ್ಕಳು ಬಸವಳಿದಿರುತ್ತಾರೆ, ಬಿ ಸೆಕ್ಷನ್ನಿನವರು ಸುಸ್ತಾಗಿದ್ದರೂ ನಗುತ್ತಿರುತ್ತಾರೆ. ನಾನು ಹಲವು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದವಳು. ಈ ವ್ಯತ್ಯಾಸವನ್ನು ಕಣ್ಣಾರೆ ಕಂಡಿದ್ದೇನೆ. ಮೊದಮೊದಲು, ಆ ಸೆಕ್ಷನ್ನಿನ ಮಕ್ಕಳೇ ಗಟ್ಟಿ ಇರಬೇಕು ಅಂತ ಸುಮ್ಮನಾಗುತ್ತಿದ್ದೆ. ಆಮೇಲೆ ಗೊತ್ತಾಯಿತು, ಗಟ್ಟಿತನಕ್ಕೂ ಇದಕ್ಕೂ ಅಂಥ ನಂಟಿಲ್ಲ. ಮಕ್ಕಳ ತಲೆಯ ಮೇಲೆ ಎಷ್ಟು ಹೊರೆ ಇದೆ ಅನ್ನುವುದರ ಜೊತೆಗೆ, ಆ ಹೊರೆ ಎತ್ತುವಾಗ ಮೇಷ್ಟ್ರು ಎಲ್ಲಿ ನಿಂತಿದ್ದರು ಅನ್ನುವುದನ್ನೂ ನೋಡಬೇಕು. ಈ ವಿಷಯದ ಮೇಲೆ ನಾಲ್ಕು ದಶಕಗಳಿಂದ ಸಂಶೋಧನೆ ನಡೆದಿದೆ. ಅದು ಏನು ಹೇಳುತ್ತದೆ, ನಮ್ಮ ಕಾಲೇಜುಗಳಿಗೆ ಎಷ್ಟು ಹೊಂದುತ್ತದೆ, ಬಿಡಿಸಿ ನೋಡೋಣ.

ಮೊದಲು ಲೆಕ್ಕ

ಓದಿನ ಹೊರೆಯನ್ನು ವಿಶ್ವವಿದ್ಯಾಲಯಗಳು ಅಳೆಯುವುದು ಕ್ರೆಡಿಟ್ಟಿನಲ್ಲಿ. ನಮ್ಮ ದೇಶದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ವರ್ಷಕ್ಕೆ 40 ಕ್ರೆಡಿಟ್ ಅಂದರೆ 1200 ಗಂಟೆ ಕಲಿಕೆ. ಒಂದು ಕ್ರೆಡಿಟ್ಟಿಗೆ 30 ಗಂಟೆ ಅಂತಾಯಿತು. ಇದರಲ್ಲಿ ಪಾಠ, ಲ್ಯಾಬ್, ಮನೆಯಲ್ಲಿ ಓದುವುದು, ಪರೀಕ್ಷೆ ಬರೆಯುವುದು ಎಲ್ಲ ಸೇರಿದೆ. ಯುರೋಪಿನ ಪದ್ಧತಿಯಲ್ಲೂ ಹೀಗೇ. ಅಲ್ಲಿ ವರ್ಷಕ್ಕೆ 60 ಕ್ರೆಡಿಟ್, ಅಂದರೆ 1500ರಿಂದ 1800 ಗಂಟೆ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಸ್ಕೀಮಿನಲ್ಲಿ ಬಿಇ ಪದವಿಗೆ 160 ಕ್ರೆಡಿಟ್. ಎಂಟು ಸೆಮ್‌ಗೆ ಹಂಚಿದರೆ ಸರಾಸರಿ 20. ಮೇಲಿನ ಲೆಕ್ಕದಂತೆ ಒಂದು ಸೆಮ್‌ಗೆ 600 ಗಂಟೆ. ಪಾಠದ ವಾರಗಳು ಹದಿನೈದು ಅಂತ ಹಿಡಿದರೆ ವಾರಕ್ಕೆ 40 ಗಂಟೆ. ಒಬ್ಬ ಆಫೀಸಿನ ನೌಕರ ದುಡಿಯುವಷ್ಟು. ಕಾಗದದ ಮೇಲೆ ಇದು ಹೊರಲಾರದ ಹೊರೆಯೇನೂ ಅಲ್ಲ.

ಆದರೆ ಈ ಲೆಕ್ಕ ಎರಡು ವಿಷಯಗಳನ್ನು ಬಿಟ್ಟಿದೆ. ಮೊದಲನೆಯದು, ವಿದ್ಯಾರ್ಥಿ ಯಾರು ಅನ್ನುವುದು. ನಮ್ಮ ಹುಡುಗಿಗೆ ದಿನಕ್ಕೆ ಬಸ್ಸಿನಲ್ಲೇ ಮೂರು ಗಂಟೆ. ಆರು ದಿನಕ್ಕೆ 18 ಗಂಟೆ. ನಲವತ್ತಕ್ಕೆ ಅದನ್ನು ಸೇರಿಸಿದರೆ 58 ಆಯಿತು. ಇಂಗ್ಲಿಷಿನ ಒಂದು ಪುಟ ಓದಲು ಅವಳಿಗೆ ಗೆಳತಿಯ ಎರಡರಷ್ಟು ಹೊತ್ತು ಬೇಕು. ಅವಳು ವಿಷಯವನ್ನೂ ಕಲಿಯಬೇಕು, ಆ ವಿಷಯದ ಭಾಷೆಯನ್ನೂ ಕಲಿಯಬೇಕು. ಕ್ರೆಡಿಟ್ ಪಟ್ಟಿಯಲ್ಲಿ ಇದಕ್ಕೆ ಜಾಗವೇ ಇಲ್ಲ. ಸಂಜೆ ಡೆಲಿವರಿ ಕೆಲಸ ಮಾಡುವ ಹುಡುಗನಿಗೂ ಇಲ್ಲ.

ಎರಡನೆಯದು, ಹೊರೆ ಬರುವ ರೀತಿ. ವಾರಕ್ಕೆ 40 ಗಂಟೆ ಅನ್ನುವುದು ಸರಾಸರಿ. ಮಳೆಯ ಸರಾಸರಿ ಇದ್ದ ಹಾಗೆ. ವರ್ಷದ ಮಳೆ ಸರಿಯಾಗಿಯೇ ಆಗಿರಬಹುದು. ಆದರೆ ಅದೆಲ್ಲ ಎರಡೇ ವಾರದಲ್ಲಿ ಸುರಿದರೆ ಬೆಳೆ ಕೊಚ್ಚಿ ಹೋಗುತ್ತದೆ, ಅಲ್ವಾ? ಸೆಮ್ಮಿನ ಐದನೇ ವಾರ ಖಾಲಿ ಖಾಲಿ. ಹತ್ತನೇ ವಾರಕ್ಕೆ ಇಂಟರ್ನಲ್ಸ್, ರೆಕಾರ್ಡ್, ಅಸೈನ್‌ಮೆಂಟ್, ವೈವಾ ಎಲ್ಲ ಒಟ್ಟಿಗೆ ಬಂದು ಬೀಳುತ್ತವೆ. ಐದು ಜನ ಮೇಷ್ಟ್ರುಗಳಲ್ಲಿ ಪ್ರತಿಯೊಬ್ಬರೂ ತಮ್ಮ ವಿಷಯಕ್ಕೆ ಒಂದೇ ಒಂದು ಅಸೈನ್‌ಮೆಂಟ್ ಕೊಟ್ಟಿರುತ್ತಾರೆ. ಅವರವರ ದೃಷ್ಟಿಯಲ್ಲಿ ಅದು ಜಾಸ್ತಿಯಲ್ಲ. ಐದೂ ಒಂದೇ ಮೇಜಿನ ಮೇಲೆ ಬಂದು ಕೂರುವುದು ವಿದ್ಯಾರ್ಥಿಗೆ ಮಾತ್ರ ಕಾಣುತ್ತದೆ.

ಗಂಟೆಗಳು ಹೇಳದಿರುವ ವಿಷಯ

ಇಲ್ಲಿ ಒಂದು ಕುತೂಹಲದ ಸಂಗತಿ ಇದೆ. ಡೇವಿಡ್ ಕೆಂಬರ್ ಎಂಬ ಸಂಶೋಧಕರು ಹಾಂಗ್‌ಕಾಂಗ್‌ನಲ್ಲಿ ಈ ವಿಷಯದ ಬೆನ್ನು ಹತ್ತಿದರು. ವಿದ್ಯಾರ್ಥಿಗಳು ತಾವು ಓದಿದ ಗಂಟೆಗಳನ್ನು ಡೈರಿಯಲ್ಲಿ ಬರೆದಿಟ್ಟರು. ಹೊರೆ ಎಷ್ಟು ಅನ್ನಿಸುತ್ತದೆ ಎಂದೂ ಹೇಳಿದರು. ಹೆಚ್ಚು ಗಂಟೆ ಓದಿದವರಿಗೆ ಹೊರೆ ಹೆಚ್ಚು ಅನ್ನಿಸಬೇಕಲ್ಲವೇ? ಎರಡಕ್ಕೂ ಸಂಬಂಧ ಇತ್ತು, ಆದರೆ ತೀರಾ ಸಡಿಲವಾದ ಸಂಬಂಧ. ಕಡಿಮೆ ಗಂಟೆ ಓದಿಯೂ ತಲೆ ಸಿಡಿಯುತ್ತಿದೆ ಅನ್ನುವವರಿದ್ದರು. ಜಾಸ್ತಿ ಓದಿಯೂ ಪರವಾಗಿಲ್ಲ ಅನ್ನುವವರಿದ್ದರು. ವ್ಯತ್ಯಾಸ ಎಲ್ಲಿಂದ ಬಂತು ಅಂತ ಹುಡುಕಿದರೆ ಸಿಕ್ಕಿದ್ದು ಪಾಠದ ರೀತಿ, ಪರೀಕ್ಷೆಯ ರೀತಿ, ಮೇಷ್ಟ್ರ ಜೊತೆಗಿನ ಮತ್ತು ಸಹಪಾಠಿಗಳ ಜೊತೆಗಿನ ಒಡನಾಟ. ಅರ್ಥವಾದ ವಿಷಯದ ಮೇಲೆ ಮೂರು ಗಂಟೆ ಕೂತರೂ ಭಾರ ಅನ್ನಿಸುವುದಿಲ್ಲ. ಅರ್ಥವಾಗದೆ ಉರು ಹೊಡೆಯುವ ಒಂದು ಗಂಟೆ ಪ್ರಾಣ ಹಿಂಡುತ್ತದೆ.

ಅಂದ ಮಾತ್ರಕ್ಕೆ ಹೊರೆಯೆಲ್ಲ ಮನಸ್ಸಿನ ಆಟ ಅಂತ ತೀರ್ಮಾನಿಸಬಾರದು. ನಿದ್ದೆ ಕೆಟ್ಟರೆ ಕೆಟ್ಟಿದ್ದೇ. ಯಾವ ಥರದ ಹೊರೆ ಎಂದು ಕೇಳಬೇಕು ಅನ್ನುವುದಷ್ಟೇ ಇದರ ಅರ್ಥ.

ಅಮೆರಿಕದ ಸಂಶೋಧಕರು 2004ರಲ್ಲಿ ಕಾಲೇಜು ವಿದ್ಯಾರ್ಥಿಗಳ ಒತ್ತಡವನ್ನು ಎರಡು ಭಾಗ ಮಾಡಿ ನೋಡಿದರು. ಒಂದು, ಸವಾಲಿನ ಒತ್ತಡ. ಕಷ್ಟದ ಲೆಕ್ಕ, ದೊಡ್ಡ ಪ್ರಾಜೆಕ್ಟ್, ಓದಬೇಕಾದ ರಾಶಿ ಪಾಠ. ಇನ್ನೊಂದು, ಅಡ್ಡಗಾಲಿನ ಒತ್ತಡ. ಏನು ಬರೆಯಬೇಕೆಂದೇ ಗೊತ್ತಾಗದ ಅಸೈನ್‌ಮೆಂಟ್, ಸುಮ್ನೆ ಮಾಡಿಸುವ ಕೆಲಸ, ಪಕ್ಷಪಾತ, ಎಳೆದಾಡಿಸುವ ಕಾಗದಪತ್ರ. ಸವಾಲಿನ ಒತ್ತಡ ಇದ್ದವರು ಚೆನ್ನಾಗಿ ಕಲಿತರು. ಅಡ್ಡಗಾಲಿನ ಒತ್ತಡ ಇದ್ದವರು ಕಲಿಕೆಯಲ್ಲಿ ಹಿಂದೆ ಬಿದ್ದರು. ಆದರೆ ಒಂದು ಮಾತನ್ನು ಮರೆಯಬಾರದು. ದಣಿವು ಎರಡರಲ್ಲೂ ಇತ್ತು. ಒಳ್ಳೆಯ ಕೆಲಸವೂ ದಣಿಸುತ್ತದೆ. ಹಾಗಾಗಿ "ಕಷ್ಟಪಟ್ಟರೆ ತಾನೇ ಕಲಿಯೋದು" ಅನ್ನುವ ಮಾತು ಅರ್ಧ ಮಾತ್ರ ನಿಜ.

ನಮ್ಮ ಲ್ಯಾಬ್ ರೆಕಾರ್ಡನ್ನೇ ತೆಗೆದುಕೊಳ್ಳಿ. ಪ್ರಯೋಗ ಮಾಡಿ, ಬಂದ ಅಂಕಿಗಳನ್ನು ಬರೆದು, ಯಾಕೆ ಹೀಗೆ ಬಂತು ಅಂತ ಯೋಚಿಸಿದರೆ ಅದು ಸವಾಲು. ಸೀನಿಯರ್ ರೆಕಾರ್ಡನ್ನು ಪಕ್ಕದಲ್ಲಿಟ್ಟುಕೊಂಡು ರಾತ್ರಿ ಒಂದು ಗಂಟೆಯವರೆಗೆ ಅಕ್ಷರಕ್ಕೆ ಅಕ್ಷರ ನಕಲು ಮಾಡಿದರೆ ಅದು ಅಡ್ಡಗಾಲು. ಗಂಟೆ ಎರಡಕ್ಕೂ ಅಷ್ಟೇ. ಕೈ ನೋವೂ ಅಷ್ಟೇ. ಆದರೆ ಎರಡನೆಯದರಿಂದ ಎದ್ದ ವಿದ್ಯಾರ್ಥಿಗೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಈ ಒಂದು ಪದ್ಧತಿಯ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ.

ಸೋಲುವುದು ಎರಡು ದಾರಿಯಲ್ಲಿ

ಕೆಲಸದ ಒತ್ತಡದ ಬಗ್ಗೆ ಮೊದಲು ಯೋಚಿಸಿದವರು ಕಾರ್ಖಾನೆ, ಕಚೇರಿಗಳನ್ನು ನೋಡಿದವರು. 1979ರಲ್ಲಿ ರಾಬರ್ಟ್ ಕರಾಸೆಕ್ ಎಂಬುವವರು ಅಮೆರಿಕ ಮತ್ತು ಸ್ವೀಡನ್ನಿನ ಕೆಲಸಗಾರರ ಮಾಹಿತಿ ಇಟ್ಟುಕೊಂಡು ಒಂದು ವಿಷಯ ತೋರಿಸಿದರು. ಕೆಲಸ ಜಾಸ್ತಿ ಇದ್ದು, ಅದನ್ನು ಯಾವಾಗ, ಹೇಗೆ ಮಾಡಬೇಕು ಅನ್ನುವುದು ತಮ್ಮ ಕೈಯಲ್ಲಿ ಇಲ್ಲದವರೇ ಹೆಚ್ಚು ನರಳುತ್ತಾರೆ. ಕೆಲಸ ಅಷ್ಟೇ ಇದ್ದರೂ ಸ್ವಲ್ಪ ಹಿಡಿತ ತಮ್ಮಲ್ಲಿದ್ದರೆ ತಡೆದುಕೊಳ್ಳುತ್ತಾರೆ. ನಮ್ಮ ವಿದ್ಯಾರ್ಥಿಗಳ ಸ್ಥಿತಿ ನೋಡಿ. ಟೈಮ್‌ಟೇಬಲ್ ಅವರದ್ದಲ್ಲ, ವಿಷಯ ಅವರದ್ದಲ್ಲ, ಸಬ್ಮಿಷನ್ ದಿನಾಂಕ ಹಿಂದಿನ ದಿನ ವಾಟ್ಸಾಪ್ ಗ್ರೂಪಿನಲ್ಲಿ ಗೊತ್ತಾಗುತ್ತದೆ.

2001ರಲ್ಲಿ ಎವಾಂಜೆಲಿಯಾ ಡೆಮೆರೌಟಿ, ಆರ್ನಾಲ್ಡ್ ಬಕ್ಕರ್ ಮತ್ತು ಅವರ ಜೊತೆಯವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಯಾವ ಕೆಲಸದಲ್ಲೂ ಎರಡು ಬಗೆಯ ಸಂಗತಿಗಳಿರುತ್ತವೆ ಎಂದರು. ಒಂದು, ನಮ್ಮಿಂದ ಕೇಳುವಂಥವು. ಇನ್ನೊಂದು, ನಮಗೆ ಕೊಡುವಂಥವು. ಕೇಳುವುದು ಜಾಸ್ತಿಯಾದರೆ ದಣಿವು ಬರುತ್ತದೆ. ಕೊಡುವುದು ಕಡಿಮೆಯಾದರೆ ಮನಸ್ಸು ಕೆಲಸದಿಂದ ಕಿತ್ತುಕೊಳ್ಳುತ್ತದೆ. 2020ರಲ್ಲಿ ಬರ್ಲಿನ್ನಿನ ಸಂಶೋಧಕರು ಇದೇ ಚೌಕಟ್ಟನ್ನು ವಿಶ್ವವಿದ್ಯಾಲಯದ ಓದಿಗೆ ಹೊಂದಿಸಿ ನೋಡಿದರು. ಅಲ್ಲೂ ಅದು ನಿಂತಿತು.

ಈ ಎರಡು ದಾರಿಗಳನ್ನು ಬೇರೆ ಬೇರೆಯಾಗಿ ನೋಡುವುದು ಮುಖ್ಯ. ಒಂದು ದಾರಿಯಲ್ಲಿ ನಮ್ಮ ಬಸ್ಸಿನ ಹುಡುಗಿ ಇದ್ದಾಳೆ. ಅವಳಿಗೆ ಓದಬೇಕೆಂಬ ಆಸೆ ಇದೆ, ಮೈ ಕೇಳುತ್ತಿಲ್ಲ. ಇನ್ನೊಂದು ದಾರಿಯಲ್ಲಿ ಕೊನೆಯ ಬೆಂಚಿನ ಹುಡುಗನಿದ್ದಾನೆ. ಅವನಿಗೆ ದಣಿವೇನೂ ಇಲ್ಲ. ನಿದ್ದೆ ಚೆನ್ನಾಗಿಯೇ ಬರುತ್ತದೆ. ಆದರೆ ಎರಡು ವರ್ಷದಲ್ಲಿ ಒಬ್ಬ ಮೇಷ್ಟ್ರೂ ಅವನ ಹೆಸರು ಹಿಡಿದು ಕರೆದಿಲ್ಲ. ಹಾಜರಿಗಾಗಿ ಬರುತ್ತಾನೆ, ಹೋಗುತ್ತಾನೆ. ಅವನನ್ನು ಸೋಮಾರಿ ಅಂತ ಕರೆಯುತ್ತೇವೆ. ಅವನೂ ನೆಮ್ಮದಿಯಾಗಿಲ್ಲ ಅನ್ನುವುದು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ವಿದ್ಯಾರ್ಥಿಗಳು ಸೋತುಹೋಗುವುದನ್ನು ಅಳೆಯಲು 2002ರಲ್ಲಿ ಸ್ಪೇನ್, ಪೋರ್ಚುಗಲ್ ಮತ್ತು ನೆದರ್‌ಲ್ಯಾಂಡ್ಸ್‌ನ ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಒಂದು ಅಳತೆಗೋಲು ಸಿದ್ಧಪಡಿಸಿದರು. ಅದರಲ್ಲಿ ಮೂರು ಎಳೆಗಳಿವೆ. ಓದಿನಿಂದ ಬಂದ ದಣಿವು. ಈ ಓದಿನಿಂದ ಏನು ಪ್ರಯೋಜನ ಅನ್ನುವ ತಾತ್ಸಾರ. ನನ್ನಿಂದ ಆಗುವುದಿಲ್ಲ ಅನ್ನುವ ಭಾವ. ಮೂರೂ ಒಟ್ಟಿಗೆ ಬರಬೇಕೆಂದಿಲ್ಲ. ಮೊದಲು ದಣಿವು ಬಂದು, ಅದರಿಂದ ತಪ್ಪಿಸಿಕೊಳ್ಳಲು ತಾತ್ಸಾರ ಬಂದು, ಕೊನೆಗೆ ಆತ್ಮವಿಶ್ವಾಸ ಹೋದದ್ದನ್ನು ನಾನು ಎಷ್ಟೋ ಮಕ್ಕಳಲ್ಲಿ ನೋಡಿದ್ದೇನೆ.

ಮೇಷ್ಟ್ರ ಆಸರೆ ಅಂದರೆ ಏನು

ಆಸರೆ ಅಂದ ತಕ್ಷಣ ಹೆಗಲ ಮೇಲೆ ಕೈ ಹಾಕಿ "ಚಿಂತೆ ಮಾಡಬೇಡಮ್ಮ" ಅನ್ನುವ ದೃಶ್ಯ ಕಣ್ಣ ಮುಂದೆ ಬರುತ್ತದೆ. ಅದೂ ಬೇಕು. ಆದರೆ ಅದು ಆಸರೆಯ ಸಣ್ಣ ಪಾಲು.

ಬಿ ಸೆಕ್ಷನ್ನಿನ ಮೇಷ್ಟ್ರು ಮಾತಿನಲ್ಲಿ ಬಿಗಿಯವರೇ ಇರಬಹುದು. ಆದರೆ ಸೆಮ್ ಶುರುವಾದ ದಿನವೇ ಇಂಟರ್ನಲ್ಸ್ ಯಾವಾಗ, ಅಸೈನ್‌ಮೆಂಟ್ ಯಾವಾಗ ಅಂತ ಬೋರ್ಡಿನ ಮೇಲೆ ಬರೆದಿರುತ್ತಾರೆ. ಅಸೈನ್‌ಮೆಂಟಿನಲ್ಲಿ ಏನು ನೋಡುತ್ತೇನೆ, ಯಾವುದಕ್ಕೆ ಎಷ್ಟು ಅಂಕ ಅಂತ ಮೊದಲೇ ಹೇಳಿರುತ್ತಾರೆ. ಇಂಟರ್ನಲ್ಸ್ ಬರೆದ ಬ್ಲೂ ಬುಕ್ ವಾರದೊಳಗೆ ವಾಪಸ್ ಬರುತ್ತದೆ, ಯಾವ ಸಾಲಿನಲ್ಲಿ ದಾರಿ ತಪ್ಪಿದ್ದು ಅಂತ ಕೆಂಪು ಗೆರೆಯೊಂದಿಗೆ. ಡೌಟ್ ಕೇಳಿದರೆ "ಇಷ್ಟೂ ಗೊತ್ತಿಲ್ವಾ" ಅನ್ನುವುದಿಲ್ಲ. ಮೂರು ದಿನ ಬಾರದ ಹುಡುಗನನ್ನು ನಾಲ್ಕನೇ ದಿನ "ಏನಪ್ಪಾ, ಹುಷಾರಿರಲಿಲ್ವಾ?" ಅಂತ ಕೇಳುತ್ತಾರೆ. ಇವೆಲ್ಲವೂ ಆಸರೆಯೇ.

ಇದು ಕೆಲಸ ಮಾಡುವುದು ಹೇಗೆ? ಒಂದು, ಹೊರೆಯೇ ನಿಜವಾಗಿ ಇಳಿಯುತ್ತದೆ. ಏನು ಬರೆಯಬೇಕೆಂದು ಸ್ಪಷ್ಟವಾಗಿದ್ದರೆ ಎಂಟು ಗಂಟೆಯ ಅಸೈನ್‌ಮೆಂಟ್ ನಾಲ್ಕೇ ಗಂಟೆಗೆ ಮುಗಿಯಬಹುದು. ಉಳಿದ ನಾಲ್ಕು ಗಂಟೆ ಹೋಗುತ್ತಿದ್ದುದು "ಸರ್ ಏನು ಕೇಳ್ತಿದಾರೆ?" ಅಂತ ಗ್ರೂಪಿನಲ್ಲಿ ಚರ್ಚೆ ಮಾಡುವುದರಲ್ಲಿ. ದಿನಾಂಕ ಮೊದಲೇ ಗೊತ್ತಿದ್ದರೆ ಬಸ್ಸಿನ ಹುಡುಗಿ ಖಾಲಿ ಇದ್ದ ಐದನೇ ವಾರದಲ್ಲೇ ಅರ್ಧ ಮುಗಿಸಿಕೊಳ್ಳುತ್ತಾಳೆ. ಕರಾಸೆಕ್ ಹೇಳಿದ ಹಿಡಿತ ಅಂದರೆ ಇದೇ.

ಇನ್ನೊಂದು, ಹೊರೆ ಇಳಿಯದಿದ್ದರೂ ಅದರ ಪೆಟ್ಟು ಕಡಿಮೆಯಾಗುತ್ತದೆ. ಕಷ್ಟ ಬಂದಾಗ ಕೈ ಹಿಡಿಯಲು ಜನ ಇದ್ದಾರೆ ಅನ್ನುವ ನಂಬಿಕೆಯೇ ಕಷ್ಟದ ಪೆಟ್ಟನ್ನು ತಡೆಯುತ್ತದೆ ಎಂಬ ವಿಚಾರವನ್ನು 1985ರಲ್ಲಿ ಶೆಲ್ಡನ್ ಕೋಹೆನ್ ಮತ್ತು ಥಾಮಸ್ ವಿಲ್ಸ್ ಹಿಂದಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ವಿವರಿಸಿದರು. ಗಮನಿಸಿ, ನಂಬಿಕೆ ಅಂದೆ. ಮೇಷ್ಟ್ರ ಹತ್ತಿರ ಹೋಗಲೇಬೇಕೆಂದಿಲ್ಲ. ಹೋಗಬಹುದು ಅಂತ ಗೊತ್ತಿದ್ದರೆ ಸಾಕು, ರಾತ್ರಿ ಹನ್ನೊಂದಕ್ಕೆ ಲೆಕ್ಕ ಬಿಡಿಸಲಾಗದಿದ್ದಾಗ ಪುಸ್ತಕ ಮುಚ್ಚಿ ಮಲಗಬಹುದು. ಬೆಳಗ್ಗೆ ಕೇಳಿದರಾಯಿತು. ಆ ಬಾಗಿಲು ಮುಚ್ಚಿದೆ ಅಂತ ಗೊತ್ತಿದ್ದರೆ ಅದೇ ಲೆಕ್ಕ ಎರಡು ಗಂಟೆಯವರೆಗೆ ನಿದ್ದೆ ಕೆಡಿಸುತ್ತದೆ.

ತಪ್ಪು ಹೇಳುವ ರೀತಿ

ಆಸರೆ ಅಂದರೆ ಅಂಕ ಉದುರಿಸುವುದು, ತಪ್ಪು ಮುಚ್ಚುವುದು ಅಂತ ಕೆಲವು ಹಿರಿಯ ಮೇಷ್ಟ್ರುಗಳಿಗೆ ಭಯವಿದೆ. ಅವರಿಗೆ ನಾನು ಒಂದು ಹಳೆಯ ಪ್ರಯೋಗದ ಕಥೆ ಹೇಳುತ್ತೇನೆ. 1999ರಲ್ಲಿ ಪ್ರಕಟವಾದ ಅಧ್ಯಯನ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಕೋಹೆನ್, ಕ್ಲಾಡ್ ಸ್ಟೀಲ್ ಮತ್ತು ಲೀ ರಾಸ್ ಮಾಡಿದ್ದು. ಕಪ್ಪು ಮತ್ತು ಬಿಳಿಯ ವಿದ್ಯಾರ್ಥಿಗಳಿಗೆ ತಮ್ಮ ನೆಚ್ಚಿನ ಟೀಚರ್ ಬಗ್ಗೆ ಒಂದು ಪತ್ರ ಬರೆಯಲು ಹೇಳಿದರು. ಪತ್ರದ ಜೊತೆ ಅವರ ಫೋಟೋ ಇತ್ತು. ಆಮೇಲೆ ಪತ್ರದ ತಪ್ಪುಗಳನ್ನೆಲ್ಲ ಗುರುತು ಹಾಕಿ ವಾಪಸ್ ಕೊಟ್ಟರು.

ಕೆಲವರಿಗೆ ಬರೀ ತಪ್ಪುಗಳನ್ನು ತೋರಿಸಿದರು. ಆ ಗುಂಪಿನಲ್ಲಿ ಕಪ್ಪು ವಿದ್ಯಾರ್ಥಿಗಳ ಉತ್ಸಾಹ ಬಿಳಿಯರಿಗಿಂತ ಹೆಚ್ಚು ಕುಸಿಯಿತು. ಫೋಟೋ ನೋಡಿ ಹೀಗೆ ಬರೆದಿದ್ದಾರೋ ಏನೋ ಅನ್ನುವ ಅನುಮಾನ. ಕೆಲವರಿಗೆ ಮೊದಲು ಒಂದಿಷ್ಟು ಹೊಗಳಿ ಆಮೇಲೆ ತಪ್ಪು ತೋರಿಸಿದರು. ಅದರಿಂದ ಪೂರ್ತಿ ಪರಿಹಾರ ಸಿಗಲಿಲ್ಲ. ಮೂರನೇ ಗುಂಪಿಗೆ ಅವೇ ತಪ್ಪುಗಳ ಜೊತೆ ಎರಡು ವಿಷಯ ಹೇಳಿದರು. ನಾವು ಕೇಳುವ ಮಟ್ಟ ಎತ್ತರದ್ದು, ನೀವು ಆ ಮಟ್ಟ ಮುಟ್ಟುತ್ತೀರಿ ಅನ್ನುವ ನಂಬಿಕೆ ನಮಗಿದೆ. ಆ ಗುಂಪಿನಲ್ಲಿ ಕಪ್ಪು, ಬಿಳಿ ವಿದ್ಯಾರ್ಥಿಗಳ ನಡುವಿನ ಅಂತರವೇ ಇಲ್ಲವಾಯಿತು. ಟೀಕೆ ಒಂದಿಷ್ಟೂ ಕಡಿಮೆಯಾಗಿರಲಿಲ್ಲ.

ಅಲ್ಲಿನ ಸಂದರ್ಭ ಬೇರೆ, ನಮ್ಮದು ಬೇರೆ. ಆದರೂ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು, ಕನ್ನಡ ಮಾಧ್ಯಮದಿಂದ ಬಂದವರು, ಮೀಸಲಾತಿಯಲ್ಲಿ ಸೀಟು ಪಡೆದವರು ಅಂತ ಚುಚ್ಚುಮಾತು ಕೇಳಿದವರು ಬ್ಲೂ ಬುಕ್ಕಿನ ಕೆಂಪು ಗೆರೆಯನ್ನು ಹೇಗೆ ಓದಿಕೊಳ್ಳುತ್ತಾರೆ ಅಂತ ಯೋಚಿಸಿ. "ಈ ಉತ್ತರ ತಪ್ಪು" ಅನ್ನುವುದು ಅವರ ಕಿವಿಗೆ "ನೀನು ಇಲ್ಲಿಗೆ ಬರಬಾರದಿತ್ತು" ಅಂತ ಕೇಳಿಸುವ ಸಾಧ್ಯತೆ ಇದೆ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಒಂದು ಸೆಮ್ಮಿನಲ್ಲಿ ಮೊದಲ ಇಂಟರ್ನಲ್ಸ್‌ನ ಬ್ಲೂ ಬುಕ್‌ಗಳನ್ನು ನಾನು ವಾಪಸ್ ಕೊಟ್ಟಿದ್ದು ಎರಡನೇ ಇಂಟರ್ನಲ್ಸ್ ಮುಗಿದ ಮೇಲೆ. ಕೆಲಸ ಜಾಸ್ತಿ ಇತ್ತು, ನಿಜ. ಒಬ್ಬ ಹುಡುಗಿ ಎರಡೂ ಪರೀಕ್ಷೆಯಲ್ಲಿ ಒಂದೇ ತಪ್ಪು ಮಾಡಿದ್ದಳು. ಎರಡನೆಯದಕ್ಕೆ ರಾತ್ರಿಯೆಲ್ಲ ಓದಿದ್ದಳಂತೆ. ತಪ್ಪು ವಿಧಾನವನ್ನೇ ಮತ್ತೆ ಮತ್ತೆ ಅಭ್ಯಾಸ ಮಾಡಿದ್ದಳು. "ಮೇಡಂ, ಮೊದಲೇ ಗೊತ್ತಾಗಿದ್ರೆ..." ಅಂದು ಸುಮ್ಮನಾದಳು. ಅವಳ ಆ ರಾತ್ರಿಯ ಹೊರೆ ಸಿಲಬಸ್ಸಿನಿಂದ ಬಂದದ್ದಲ್ಲ. ನಾನು ಹೊರಿಸಿದ್ದು.

ಅಂಕ ಕೊಡುವ ಕೈ, ಆಸರೆ ಕೊಡುವ ಕೈ

ಕರ್ನಾಟಕದಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ಹತ್ತು ಹನ್ನೆರಡು ವರ್ಷದ ಹಿಂದೆ ವಿಟಿಯುನಲ್ಲಿ ಇಂಟರ್ನಲ್ಸ್ ಪಾಲು ಒಟ್ಟು ಅಂಕದ ಐದರಲ್ಲೊಂದು. ಈಗ ಅರ್ಧ. ಇಂಟರ್ನಲ್ಸ್‌ಗೆ 50, ಸೆಮ್ ಪರೀಕ್ಷೆಗೆ 50. ಉದ್ದೇಶ ಒಳ್ಳೆಯದೇ. ಮೂರು ಗಂಟೆಯ ಒಂದು ಪರೀಕ್ಷೆಯ ಮೇಲೆ ಎಲ್ಲ ನಿಲ್ಲಬಾರದು, ಓದು ಸೆಮ್ ಪೂರ್ತಿ ಹರಡಲಿ ಎಂದು.

ಆದರೆ ಇದರಿಂದ ಎರಡು ಬದಲಾವಣೆ ಆಯಿತು. ಸೆಮ್ಮಿನ ಹೆಚ್ಚಿನ ವಾರಗಳು ಅಂಕದ ವಾರಗಳಾದವು, ಮೈ ಸಡಿಲ ಬಿಡುವ ವಾರಗಳು ಕಡಿಮೆಯಾದವು. ಮತ್ತು ಯಾರ ಹತ್ತಿರ ಹೋಗಿ "ನನಗೆ ಅರ್ಥವಾಗಿಲ್ಲ" ಅನ್ನಬೇಕೋ ಅವರ ಕೈಯಲ್ಲೇ 50 ಅಂಕ ಬಂತು. ದಡ್ಡಿ ಅಂದುಕೊಂಡರೆ? ಎದುರುತ್ತರ ಕೊಟ್ಟಳು ಅಂದುಕೊಂಡರೆ? ಈ ಭಯ ನಿಜವೋ ಸುಳ್ಳೋ, ಸ್ಟಾಫ್ ರೂಮಿನ ಬಾಗಿಲ ತನಕ ಬಂದು ವಾಪಸ್ ಹೋಗಲು ಅಷ್ಟು ಸಾಕು. ಈ ಭಯ ಕಳೆಯುವ ಮೊದಲ ಹೆಜ್ಜೆ ಮೇಷ್ಟ್ರೇ ಇಡಬೇಕು. ಅಧಿಕಾರ ಇರುವವರು ಅವರು ತಾನೇ.

ಕಾಲೇಜುಗಳಲ್ಲಿ ಮೆಂಟರ್ ಅಂತ, ಕೆಲವು ಕಡೆ ಪ್ರಾಕ್ಟರ್ ಅಂತ ಒಬ್ಬೊಬ್ಬ ಮೇಷ್ಟ್ರಿಗೆ ಇಷ್ಟಿಷ್ಟು ವಿದ್ಯಾರ್ಥಿಗಳನ್ನು ಹಂಚಿರುತ್ತಾರೆ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗ ಈ ಪಟ್ಟಿ ತೋರಿಸಬೇಕು. ಚೆನ್ನಾಗಿ ನಡೆದರೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ನನ್ನ ಅನುಭವದಲ್ಲಿ ಒಂದು ಸಣ್ಣ ಬದಲಾವಣೆ ತುಂಬ ಉಪಯೋಗಕ್ಕೆ ಬಂದಿದೆ. ವಿದ್ಯಾರ್ಥಿಗೆ ಇಂಟರ್ನಲ್ಸ್ ಅಂಕ ಹಾಕುವವರು ಅದೇ ವಿದ್ಯಾರ್ಥಿಗೆ ಮೆಂಟರ್ ಆಗದಂತೆ ನೋಡಿಕೊಳ್ಳುವುದು. ಮಕ್ಕಳು ಬಾಯಿ ಬಿಡುತ್ತಾರೆ.

ಇದೆಲ್ಲ ನಿಜವೇ, ಅಥವಾ ನಮಗೆ ಹಾಗೆ ಕಾಣುತ್ತಿದೆಯೇ?

ಕೇಳಬೇಕಾದ ಪ್ರಶ್ನೆಯೇ. ಈ ವಿಷಯದ ಹೆಚ್ಚಿನ ಅಧ್ಯಯನಗಳು ಒಂದೇ ಸಲ, ಒಬ್ಬನೇ ವಿದ್ಯಾರ್ಥಿಗೆ ಪ್ರಶ್ನಾವಳಿ ಕೊಟ್ಟು ಮಾಡಿದಂಥವು. "ನಿಮ್ಮ ಮೇಷ್ಟ್ರು ಸಹಾಯ ಮಾಡುತ್ತಾರಾ? ನೀವು ಹೇಗಿದ್ದೀರಿ?" ಎರಡಕ್ಕೂ ಉತ್ತರಿಸುವವನು ಅವನೇ. ಮನಸ್ಸು ಕುಗ್ಗಿದವನಿಗೆ ಮೇಷ್ಟ್ರೂ ಕೆಟ್ಟವರಾಗಿ ಕಾಣಬಹುದು. ಚೆನ್ನಾಗಿ ಓದುವ ಹುಡುಗನ ಜೊತೆ ಮೇಷ್ಟ್ರೇ ಹೆಚ್ಚು ಮಾತಾಡಬಹುದು.

2014ರಲ್ಲಿ ಗ್ಯಾಲಪ್ ಸಂಸ್ಥೆ ಮತ್ತು ಪರ್ಡ್ಯೂ ವಿಶ್ವವಿದ್ಯಾಲಯ ಸೇರಿ ಅಮೆರಿಕದ 30,000ಕ್ಕೂ ಹೆಚ್ಚು ಪದವೀಧರರನ್ನು ಕೇಳಿದವು. ನನ್ನ ಬಗ್ಗೆ ಕಾಳಜಿ ಇದ್ದ ಮೇಷ್ಟ್ರು, ಕಲಿಯುವ ಹುರುಪು ಹುಟ್ಟಿಸಿದ ಮೇಷ್ಟ್ರು, ನನ್ನ ಕನಸಿಗೆ ಬೆನ್ನು ತಟ್ಟಿದ ಮಾರ್ಗದರ್ಶಿ, ಈ ಮೂರೂ ಸಿಕ್ಕಿದ್ದರು ಅಂದವರು ಶೇ. 14 ಮಾತ್ರ. ಅಂಥವರು ಮುಂದೆ ತಮ್ಮ ಕೆಲಸದಲ್ಲೂ ಬದುಕಿನಲ್ಲೂ ಚೆನ್ನಾಗಿರುವ ಸಾಧ್ಯತೆ ಉಳಿದವರ ಎರಡರಷ್ಟಿತ್ತು. ಇದೂ ನೆನಪಿನ ಮೇಲೆ ನಿಂತ ಲೆಕ್ಕವೇ. ಮೇಷ್ಟ್ರೇ ಕಾರಣ ಅಂತ ಇದೊಂದರಿಂದ ಸಾಬೀತಾಗುವುದಿಲ್ಲ. ಆದರೆ ಪ್ರಶ್ನಾವಳಿಗಳು ಹೇಳಿದ್ದನ್ನೇ ಸ್ಟ್ಯಾನ್‌ಫರ್ಡ್‌ನಂಥ ಪ್ರಯೋಗಗಳೂ ತೋರಿಸಿವೆ. ಹಾಗಾಗಿ ದಿಕ್ಕು ಸರಿ ಇದೆ ಅಂತ ನನಗೆ ನಂಬಿಕೆ.

ಆಸರೆಗೂ ಒಂದು ಮಿತಿ

ದಿನಕ್ಕೆ 24 ಗಂಟೆಯೇ. ಹೊರೆ ಅದನ್ನು ಮೀರಿದರೆ ಎಷ್ಟೇ ಒಳ್ಳೆಯ ಮೇಷ್ಟ್ರಿದ್ದರೂ ವಿದ್ಯಾರ್ಥಿ ಬೀಳುತ್ತಾಳೆ. "ಧೈರ್ಯವಾಗಿರು" ಅಂದು ಅದೇ ಐದು ಸಬ್ಮಿಷನ್ ಅದೇ ವಾರಕ್ಕೆ ಇಟ್ಟರೆ ಆ ಮಾತಿಗೆ ಬೆಲೆ ಇಲ್ಲ. ಇಲ್ಲಿ ಕಾಲೇಜು ಮಾಡಬಹುದಾದ ಕೆಲಸ ಸುಲಭದ್ದು. ಸೆಮ್ ಶುರುವಿಗೆ ಮುಂಚೆ ವಿಭಾಗದ ಎಲ್ಲರೂ ಒಂದು ಗಂಟೆ ಕೂತು, ಒಂದೇ ಕ್ಯಾಲೆಂಡರಿನ ಮೇಲೆ ತಮ್ಮ ತಮ್ಮ ದಿನಾಂಕ ಬರೆಯುವುದು. ಹತ್ತನೇ ವಾರದಲ್ಲಿ ಐದು ಗುರುತು ಬಿದ್ದರೆ ಎರಡನ್ನು ಆಚೆ ತಳ್ಳುವುದು. ದುಡ್ಡು ಬೇಕಿಲ್ಲ, ಸುತ್ತೋಲೆ ಬೇಕಿಲ್ಲ. ವಿಭಾಗದ ಮುಖ್ಯಸ್ಥರು (ಎಚ್‌ಒಡಿ) ಮನಸ್ಸು ಮಾಡಿದರೆ ಸಾಕು.

ಮೇಷ್ಟ್ರ ಹೊರೆಯ ಮಾತೂ ಬರಬೇಕು. 2018ರಲ್ಲಿ ತಾಂತ್ರಿಕ ಶಿಕ್ಷಣದ ನಿಯಮ ಮಾಡುವ ಎಐಸಿಟಿಇ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ 15 ವಿದ್ಯಾರ್ಥಿಗೆ ಒಬ್ಬ ಮೇಷ್ಟ್ರು ಎಂದಿದ್ದ ನಿಯಮವನ್ನು 20ಕ್ಕೆ ಒಬ್ಬರು ಅಂತ ಸಡಿಲ ಮಾಡಿತು. ರಾಜ್ಯದ ಸುಮಾರು 430 ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಡೆಯುತ್ತಿರುವುದು ಬಹುಮಟ್ಟಿಗೆ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿಂದ. 2023ರ ನವೆಂಬರಿನಲ್ಲಿ ಅವರು ಸೇವಾ ಭದ್ರತೆ ಕೇಳಿ ಮುಷ್ಕರಕ್ಕೆ ಇಳಿದಾಗ ವಾರಗಟ್ಟಲೆ ಪಾಠಗಳು ನಿಂತವು. ಮುಂದಿನ ವರ್ಷ ತನ್ನ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲದವರಿಗೆ, ವಿದ್ಯಾರ್ಥಿಯ ಪಕ್ಕ ಕೂತು ಸಮಾಧಾನವಾಗಿ ಮಾತಾಡುವ ನೆಮ್ಮದಿ ಎಲ್ಲಿಂದ ಬರಬೇಕು? ಮೇಷ್ಟ್ರು ವಿದ್ಯಾರ್ಥಿಗೆ ಕೊಡುವ ಸಮಯವನ್ನು ವ್ಯವಸ್ಥೆ ಮೊದಲು ಮೇಷ್ಟ್ರಿಗೆ ಕೊಟ್ಟಿರಬೇಕು.

ಇನ್ನೊಂದು ಮಿತಿ ಇದೆ. ಮೇಷ್ಟ್ರು ವೈದ್ಯರಲ್ಲ. ದೇಶದಲ್ಲಿ 2022ರಲ್ಲಿ 13,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಪ್ರಾಣ ಕಳೆದುಕೊಂಡರು ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ. ಯಾವ ಸಾವಿಗೂ ಒಂದೇ ಕಾರಣ ಇರುವುದಿಲ್ಲ. 2025ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ನೇತೃತ್ವದಲ್ಲಿ ಈ ಬಗ್ಗೆ ಕಾರ್ಯಪಡೆ ರಚಿಸಿತು. ಅದೇ ವರ್ಷ ಜುಲೈನಲ್ಲಿ, 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯಲ್ಲೂ ತರಬೇತಿ ಪಡೆದ ಆಪ್ತ ಸಲಹೆಗಾರರೊಬ್ಬರಾದರೂ ಇರಬೇಕೆಂದು ಹೇಳಿತು. ಊಟ, ನಿದ್ದೆ ಬಿಟ್ಟವರು, ಎಲ್ಲರಿಂದ ದೂರ ಸರಿದವರು, ಬದುಕು ಬೇಡ ಅನ್ನುವವರು ಕಂಡರೆ ಮೇಷ್ಟ್ರ ಕೆಲಸ ಅವರನ್ನು ಒಂಟಿಯಾಗಿ ಬಿಡದೆ ತಿಳಿದವರ ಹತ್ತಿರ ಕರೆದೊಯ್ಯುವುದು. ಟೆಲಿ ಮಾನಸ್ ಸಹಾಯವಾಣಿ 14416. ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಕೊಡಬೇಕಿಲ್ಲ. ಆ ನಂಬರನ್ನು ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.

ಸ್ಟಾಫ್ ರೂಮಿನ ಬಾಗಿಲಲ್ಲಿ

ಇದನ್ನು ಓದುತ್ತಿರುವ ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮ ಮೇಷ್ಟ್ರು ಬಿ ಸೆಕ್ಷನ್ನಿನವರಂತೆ ಇಲ್ಲದಿರಬಹುದು. ಆದರೂ ಕೇಳಿ ನೋಡಿ. "ಸರ್, ಈ ಚಾಪ್ಟರ್ ಏನೂ ಅರ್ಥ ಆಗಿಲ್ಲ" ಅಂದರೆ ಎಲ್ಲಿಂದ ಶುರು ಮಾಡಬೇಕೆಂದು ಅವರಿಗೂ ತಿಳಿಯುವುದಿಲ್ಲ. ನೋಟ್ಸ್ ತೆರೆದು ಬೆರಳಿಟ್ಟು ತೋರಿಸಿ. "ಇಲ್ಲಿವರೆಗೆ ಬಂತು ಸರ್, ಈ ಸಾಲಿನಿಂದ ಮುಂದೆ ಹೋಗ್ತಿಲ್ಲ." ಇದಕ್ಕೆ ಉತ್ತರ ಐದು ನಿಮಿಷದಲ್ಲಿ ಸಿಗುತ್ತದೆ. ದಿನಾಂಕ ಮುಂದೆ ಹಾಕಿಸಬೇಕಿದ್ದರೆ ಒಬ್ಬೊಬ್ಬರೇ ಬೇಡಿಕೊಳ್ಳಬೇಡಿ. ಆ ವಾರದ ಐದೂ ಸಬ್ಮಿಷನ್‌ಗಳನ್ನು ಒಂದು ಹಾಳೆಯಲ್ಲಿ ಬರೆದು ಕ್ಲಾಸಿನ ಪ್ರತಿನಿಧಿ ಸಿಆರ್ ಕೈಯಲ್ಲಿ ಕಳಿಸಿ. ಎಷ್ಟೋ ಸಲ ಮೇಷ್ಟ್ರುಗಳು ಆ ಐದನ್ನೂ ಒಟ್ಟಿಗೆ ನೋಡುವುದು ಆವತ್ತೇ ಮೊದಲು. ನನ್ನ ಮೇಜಿನ ಮೇಲೆ ಅಂಥ ಹಾಳೆಯೊಂದು ಬಂದ ದಿನ, ನನ್ನ ಅಸೈನ್‌ಮೆಂಟನ್ನು ನಾನೇ ಎರಡು ವಾರ ಮುಂದೆ ಹಾಕಿದೆ.